ಚಾಂಪಿಯನ್ ರೀಫ್ಸ್: ಪಾತಾಳದ ಆಟ, ಪಾತಾಳದ ಊರು

ಕೋಲಾರದ ಚಿನ್ನದ ಗಣಿಯೆಂದರೆ ಹೊರಗಿನವರ ಮನಸ್ಸಿನಲ್ಲಿ ಒಂದೇ ಊರು ಮೂಡುತ್ತದೆ. ಅಲ್ಲಿಗೆ ಹೋದವರಿಗೆ ಮಾತ್ರ ಅದು ಒಂದೇ ದಾರದಲ್ಲಿ ಪೋಣಿಸಿದ ಊರುಗಳ ಸರವೆಂದು ತಿಳಿಯುತ್ತದೆ. ಆ ದಾರವೇ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ ರೈಲು ಹಾದಿ. 1894ರಲ್ಲಿ ತೆರೆದ ಈ ಪುಟ್ಟ ಕವಲು ಹಾದಿಯ ಉದ್ದ ಸುಮಾರು 16 ಕಿಲೋಮೀಟರು. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಒಂದರ ಬೆನ್ನಿಗೆ ಒಂದು ನಿಲ್ದಾಣ ಬರುತ್ತದೆ. ಒಂದೊಂದು ನಿಲ್ದಾಣದ ಹಿಂದೆಯೂ ಒಂದೊಂದು ಗಣಿಯ ಕಥೆ.

ಬೆಂಗಳೂರಿನಿಂದ ಹೊರಟವರಿಗೆ ಮೊದಲು ಬಂಗಾರಪೇಟೆ ಸಿಗುತ್ತದೆ. ಬ್ರಿಟಿಷರ ಕಾಲದಲ್ಲಿ ಇದು ಬೌರಿಂಗ್‌ಪೇಟೆಯೆಂದು ಹೆಸರಾಗಿದ್ದಿತು. ಈಗಿನ ತಲೆಮಾರಿಗೆ ಈ ಊರಿನ ಹೆಸರು ಚಿನ್ನಕ್ಕಿಂತ ಹೆಚ್ಚಾಗಿ ಪಾನಿಪುರಿಯನ್ನು ನೆನಪಿಗೆ ತರುತ್ತದೆ. ಇಲ್ಲಿನ ಪಾನಿಗೆ ಹಸಿರು ಬಣ್ಣವಿಲ್ಲ. ಬಾವಿಯ ನೀರಿನಂತೆ ತಿಳಿಯಾಗಿರುತ್ತದೆ. ನೋಡಿದವರು ಸಪ್ಪೆಯೆಂದುಕೊಳ್ಳುವರು, ಬಾಯಿಗಿಟ್ಟ ಮೇಲೆ ಅಭಿಪ್ರಾಯ ಬದಲಿಸುವರು. ಮಕ್ಕಳೊಡನೆ ಬಂದವರು ಈ ಸತ್ಕಾರವನ್ನು ಮುಗಿಸಿಕೊಂಡೇ ಮಾರಿಕುಪ್ಪಂ ಗಾಡಿ ಏರುವುದು ಕ್ಷೇಮ.

ನನ್ನೊಡನೆ ಬಂದಿದ್ದವನು ತಂಗಿಯ ಮಗ, ಹನ್ನೆರಡು ವರ್ಷದ ಹುಡುಗ. ಗಣಿಯನ್ನು ನೋಡಬೇಕೆಂಬ ಆಸೆ ಅವನಿಗೆ ಇತಿಹಾಸದ ಪುಸ್ತಕದಿಂದ ಬಂದುದಲ್ಲ. ಮನೆಯ ದೂರದರ್ಶನದ ತೆರೆಯ ಮೇಲೆ ಆಡುವ ಆಟವೊಂದರಿಂದ ಬಂದುದು.

ತೆರೆಯ ಮೇಲಿನ ಸುರಂಗ

ಆ ಆಟದ ಹೆಸರು ಡಿಗ್ ಡಗ್. ಜಪಾನಿನ ನಾಮ್ಕೊ ಸಂಸ್ಥೆ ಇದನ್ನು 1982ರಲ್ಲಿ ಹೊರತಂದಿತು. ಆಗ ಅದು ಅಂಗಡಿಗಳಲ್ಲಿ ನಿಂತಿದ್ದ ಎತ್ತರದ ಪೆಟ್ಟಿಗೆ. ನಾಣ್ಯ ಹಾಕಿದರೆ ಆಟ, ಸೋತರೆ ಮತ್ತೊಂದು ನಾಣ್ಯ. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮನ್, 1981ರ ಡಾಂಕಿ ಕಾಂಗ್ ಎಲ್ಲವೂ ಆ ಬಳಗದವೇ. ನಮ್ಮ ಬೆಂಗಳೂರಿನ ವೀಡಿಯೋ ಗೇಮ್ ಅಂಗಡಿಗಳಲ್ಲಿ ಶಾಲೆ ತಪ್ಪಿಸಿ ನಿಂತಿದ್ದ ಹುಡುಗರು ಇಂದು ಗೃಹಸ್ಥರಾಗಿದ್ದಾರೆ. ಅಂದಿನ ಆಟಗಳು ಈಗ ಅವರ ಮನೆಗೇ ಬಂದಿವೆ. ಡಿಗ್ ಡಗ್ 2006ರಲ್ಲಿ ಎಕ್ಸ್‌ಬಾಕ್ಸ್ ಯಂತ್ರಕ್ಕೂ, 2017ರಲ್ಲಿ ನಾಮ್ಕೊ ಮ್ಯೂಸಿಯಂ ಎಂಬ ಸಂಕಲನದ ಭಾಗವಾಗಿ ನಿಂಟೆಂಡೊ ಸ್ವಿಚ್‌ಗೂ ಬಂದಿತು. ಜಪಾನಿನ ಹ್ಯಾಮ್‌ಸ್ಟರ್ ಎಂಬ ಸಂಸ್ಥೆ 2014ರಿಂದ ಇಂಥ ಹಳೆಯ ಆಟಗಳನ್ನು ಒಂದೊಂದಾಗಿ ಮತ್ತೆ ಹೊರತರುವುದನ್ನೇ ಕಸುಬಾಗಿಸಿಕೊಂಡಿದೆ.

ಆಟದ ಕ್ರಮ ಸರಳ. ಪುಟ್ಟ ಮನುಷ್ಯನೊಬ್ಬ ನೆಲವನ್ನು ಅಗೆಯುತ್ತ ಕೆಳಗಿಳಿಯುತ್ತಾನೆ. ಮಣ್ಣಿನಲ್ಲಿ ಅಡಗಿದ ರಾಕ್ಷಸರಿಗೆ ಪಂಪಿನಿಂದ ಗಾಳಿ ತುಂಬಿ ಒಡೆಯುತ್ತಾನೆ. ಇಲ್ಲವೇ ಬಂಡೆಯ ಅಡಿಯ ಮಣ್ಣನ್ನು ತೆಗೆದು ಅವರ ಮೇಲೆ ಕೆಡವುತ್ತಾನೆ. ನೆಲಕ್ಕೆ ನಾಲ್ಕು ಬಣ್ಣದ ಪದರಗಳು. ಮೇಲಿನ ಪದರದಲ್ಲಿ ರಾಕ್ಷಸನೊಬ್ಬನನ್ನು ಕೊಂದರೆ 200 ಅಂಕ. ಕೊನೆಯ ಪದರದಲ್ಲಿ 500. ಆಳಕ್ಕೆ ಇಳಿದಷ್ಟೂ ಲಾಭ ಹೆಚ್ಚು. ಅವನು ನಡೆಯುವಾಗ ಮಾತ್ರ ಸಂಗೀತ ನುಡಿಯುತ್ತದೆ. ನಿಂತರೆ ಅದೂ ನಿಲ್ಲುತ್ತದೆ. ಈ ಮನುಷ್ಯನಿಗೆ ಮುಂದೆ ಹೋರಿ ತೈಝೊ ಎಂದು ಹೆಸರಿಟ್ಟರು. ಜಪಾನೀ ಭಾಷೆಯಲ್ಲಿ ‘ನಾನು ಅಗೆಯಬೇಕು’ ಎಂಬ ಮಾತಿನ ಚಮತ್ಕಾರ ಅದು.

ನೆಲದಡಿಯ ಎಳೆ

ಚಾಂಪಿಯನ್ ನಿಲ್ದಾಣದಲ್ಲಿ ಇಳಿದೊಡನೆ ಕಾಣುವುದು ಚಿನ್ನವಲ್ಲ, ಬೂದು ಬಣ್ಣದ ಗುಡ್ಡಗಳು. ಸಮತಟ್ಟಾದ ನೆತ್ತಿ, ಮಳೆನೀರು ಕೊರೆದ ಇಳಿಜಾರು. ಇವು ದೇವರು ಮಾಡಿದ ಗುಡ್ಡಗಳಲ್ಲ. ಅದಿರನ್ನು ಪುಡಿಮಾಡಿ ಸಯನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಹುಡಿಯ ರಾಶಿಗಳು. ಎಲ್ಲ ಗಣಿಗಳ ರಾಶಿಗಳೂ ಸೇರಿ ಮೂರು ಕೋಟಿ ಟನ್ನನ್ನು ಮೀರುತ್ತವೆ. ಬಿರುಗಾಳಿಯ ದಿನಗಳಲ್ಲಿ ಇವುಗಳ ಧೂಳು ಮನೆಮನೆಯೊಳಕ್ಕೂ ನುಗ್ಗುತ್ತದೆ. 2018ರಲ್ಲಿ ಮತ್ತು 2022ರಲ್ಲಿ ತೆರೆಕಂಡ ‘ಕೆ.ಜಿ.ಎಫ್’ ಚಲನಚಿತ್ರಗಳಿಂದ ಈ ಗುಡ್ಡಗಳು ದೇಶಕ್ಕೆಲ್ಲ ಪರಿಚಿತವಾದವು.

ಈ ನೆಲದ ಚಿನ್ನದ ಸುದ್ದಿ ಹಳೆಯದು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಎಂಬ ಸೇನಾಧಿಕಾರಿ, ಇಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣಗಳನ್ನು ತೆಗೆಯುವುದನ್ನು ಕಂಡು ದಾಖಲಿಸಿದನು. 1870ರ ದಶಕದಲ್ಲಿ ಲೆವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಹಕ್ಕು ಪಡೆದನು. 1880ರಿಂದ ಲಂಡನ್ನಿನ ಜಾನ್ ಟೇಲರ್ ಸಂಸ್ಥೆ ಇಳಿಯಿತು. ಅಲ್ಲಿಂದ ಮುಂದೆ ಸಿರಿ ಹರಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರ ತಂತಿಯಲ್ಲಿ ಹರಿದು ಬಂದಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು ಅದಕ್ಕೂ ಮೂರು ವರ್ಷ ತಡವಾಗಿ. ಯುರೋಪಿಯನ್ನರ ಬಂಗಲೆ, ಕ್ಲಬ್ಬುಗಳಿಂದಾಗಿ ಊರಿಗೆ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರು ಅಂಟಿತು. ಕೆಳಗಿಳಿದು ದುಡಿದವರಿಗಾದರೋ ಸಾಲು ಸಾಲು ಲೈನು ಮನೆಗಳು. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ನಲ್ಲಿಯ ಬಳಿ ಕಲೆತ ಊರಿದು.

ಇಲ್ಲಿನ ಮುಖ್ಯ ಅದಿರಿನ ಎಳೆಗೆ ಚಾಂಪಿಯನ್ ಲೋಡ್ ಎಂದು ಹೆಸರು. ಲೋಡ್ ಎಂದರೆ ಬಂಡೆಯೊಳಗೆ ಹರಿದ ಅದಿರಿನ ನಾಳ. ಈ ಪದವನ್ನೇ ಹೆಸರಿನಲ್ಲಿ ಹೊತ್ತ ಮತ್ತೊಂದು ಪ್ರಸಿದ್ಧ ಆಟವೂ ಉಂಟು: ಲೋಡ್ ರನ್ನರ್. ಅಮೆರಿಕದ ಡಗ್ಲಸ್ ಸ್ಮಿತ್ ಎಂಬ ಯುವಕ ಬರೆದ ಈ ಆಟ 1983ರಲ್ಲಿ ಮನೆಯ ಕಂಪ್ಯೂಟರಿಗೆ ಬಂದು, ಮರುವರ್ಷ ಜಪಾನಿನಲ್ಲಿ ನಾಣ್ಯದ ಪೆಟ್ಟಿಗೆಯನ್ನೂ ಸೇರಿತು. ಅದರಲ್ಲಿ ಆಟಗಾರನು ಇಟ್ಟಿಗೆಯ ನೆಲವನ್ನು ತೋಡಿ ಚಿನ್ನ ಆರಿಸುತ್ತಾನೆ. ತೋಡಿದ ಗುಂಡಿಗಳು ಕೆಲವೇ ಕ್ಷಣಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಸಯನೈಡ್ ಗುಡ್ಡದ ನೆರಳಿನಲ್ಲಿ ನಿಂತವನಿಗೆ ಆ ಸೌಕರ್ಯ ಎಷ್ಟು ದೊಡ್ಡದೆಂದು ಅರಿವಾಗುತ್ತದೆ.

ಬಂಡೆ ಬೀಳುವ ಮುನ್ನ

ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರು ಆಳಕ್ಕೆ ಇಳಿಯಿತು; ಪ್ರಪಂಚದ ಅತ್ಯಂತ ಆಳದ ಗಣಿಗಳ ಸಾಲಿನಲ್ಲಿ ಅದಕ್ಕೆ ಸ್ಥಾನವಿದ್ದಿತು. ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ತಂಪುಗೊಳಿಸಿದ ಗಾಳಿಯನ್ನು ಕೆಳಕ್ಕೆ ಕಳುಹಿಸದೆ ಮನುಷ್ಯ ದುಡಿಯಲಾರ. ಬಿಸಿಗಿಂತ ಭಯಂಕರವಾದುದು ಬಂಡೆಯ ಸಿಡಿತ. ಮೇಲಿನ ಮೈಲಿಗಟ್ಟಲೆ ಕಲ್ಲಿನ ಭಾರವನ್ನು ಹೊತ್ತ ಬಂಡೆಯ ನಡುವಿನಿಂದ ಅದಿರನ್ನು ತೆಗೆದಾಗ, ಸುತ್ತಲಿನ ಕಲ್ಲಿನ ಮೇಲೆ ಒತ್ತಡ ಏರುತ್ತದೆ. ತಾಳಲಾರದ ಕ್ಷಣದಲ್ಲಿ ಅದು ಗುಂಡಿನಂತೆ ಸಿಡಿಯುತ್ತದೆ. ಗಣಿಯವರು ಇದನ್ನು ‘ಏರ್‌ಬ್ಲಾಸ್ಟ್’ ಎಂದೇ ಕರೆಯುತ್ತಿದ್ದರು.

ಡಿಗ್ ಡಗ್ ಆಟದಲ್ಲಿ ಬಂಡೆ ಬೀಳುವ ಮುನ್ನ ಒಂದು ಕ್ಷಣ ಅಲುಗಾಡಿ ಎಚ್ಚರಿಸುತ್ತದೆ. ಹುಡುಗನಿಗೆ ಅದು ನೆನಪಿಗೆ ಬಂದಿರಬೇಕು. ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ವೃದ್ಧರೊಬ್ಬರು ತಾವು ಗಣಿಯಲ್ಲಿ ದುಡಿದವರೆಂದು ಹೇಳಿದೊಡನೆ ಅವನು ಕೇಳಿಯೇಬಿಟ್ಟನು:

“ತಾತ, ಬಂಡೆ ಬೀಳುವ ಮೊದಲು ಅಲುಗಾಡುತ್ತಿತ್ತಾ?”

ಅವರು ನಗಲಿಲ್ಲ. “ಇಲ್ಲ ತಂಬಿ, ಅದು ಹೇಳಿಕೇಳಿ ಬರೋದಲ್ಲ. ಒಳಗಿದ್ದೋನಿಗೆ ಗೊತ್ತಾಗೋ ಮೊದಲೇ ಆಗಿಹೋಗಿರುತ್ತೆ. ಮೇಲೆ ಮನೇಲಿ ಪಾತ್ರೆ ಅಲುಗಾಡಿದ್ರೆ ಹೆಂಗಸರಿಗೆ ತಿಳಿಯೋದು. ಒಲೆ ಮೇಲಿದ್ದದ್ದನ್ನ ಹಾಗೇ ಬಿಟ್ಟು ಶಾಫ್ಟಿನ ಹತ್ರ ಓಡೋರು. ಕೇಜು ಮೇಲೆ ಬರೋವರೆಗೂ ಯಾರೂ ಮಾತಾಡೋರಲ್ಲ.”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಟದಲ್ಲಿ ಮೂರು ಜೀವ ಕೊಡ್ತಾರೆ ಮಾವ” ಎಂದನು. ಅದಕ್ಕೆ ಯಾರೂ ಉತ್ತರ ಹೇಳುವ ಅಗತ್ಯವಿರಲಿಲ್ಲ.

ಕೋಲಾರದ ಗಣಿಗಾರರು ಈ ಅಪಾಯದಿಂದ ವಿದ್ಯೆಯನ್ನೂ ಪಡೆದರು. ಅಗೆದ ಜಾಗಗಳಿಗೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿ ಆಧಾರ ಕೊಟ್ಟರು. ಕಂಪನಮಾಪಕಗಳ ಜಾಲ ಹೂಡಿ ಬಂಡೆಯ ನಾಡಿ ಹಿಡಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಸ್ಥಾಪನೆಯಾದುದು ಈ ಗಣಿಗಳ ನಡುವೆಯೇ. ನಮ್ಮ ದೇಶದ ಅಣೆಕಟ್ಟು ಸುರಂಗಗಳ ಕ್ಷೇಮವನ್ನು ಪರೀಕ್ಷಿಸುವ ವಿದ್ಯೆಗೆ ಇಲ್ಲಿನ ಜನ ಸಾಲ ಕೊಟ್ಟಿದ್ದಾರೆಂದರೆ ಅತಿಶಯೋಕ್ತಿಯಲ್ಲ.

ಎರಡು ಗಣಿ, ಎರಡು ಗತಿ

ಚಾಂಪಿಯನ್ ರೀಫ್ಸ್‌ಗೆ ಮತ್ತೊಂದು ಕೀರ್ತಿಯೂ ಉಂಟು. ಭೂಮಿಯ ಮೇಲೆ ಸದಾ ಸುರಿಯುವ ವಿಶ್ವಕಿರಣಗಳ ಗದ್ದಲವನ್ನು ಕಲ್ಲಿನ ದಪ್ಪ ಹೊದಿಕೆ ತಡೆಯುತ್ತದೆ. ಅದನ್ನು ದಾಟಿ ಬರಬಲ್ಲವು ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯದವರು ಮತ್ತು ಇಂಗ್ಲೆಂಡಿನ ಡರ್‌ಹ್ಯಾಮಿನವರು ಕೂಡಿ ಈ ಗಣಿಯ ಆಳದಲ್ಲಿ ಉಪಕರಣಗಳನ್ನಿಟ್ಟು, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲೂ ಅದು ಸಿಕ್ಕಿತು. ಅದಕ್ಕೆ ಮುನ್ನ ಎಲ್ಲಿಯೂ ಅಲ್ಲ. 1980ರಲ್ಲಿ 2.3 ಕಿಲೋಮೀಟರು ಆಳದಲ್ಲಿ 140 ಟನ್ ತೂಕದ ಕಬ್ಬಿಣದ ಉಪಕರಣವನ್ನು ಕಟ್ಟಿ, ಪ್ರೋಟಾನ್ ಕಣವೂ ಎಂದಾದರೂ ಅಳಿಯುವುದೇ ಎಂದು ಕಾದು ನೋಡಿದರು.

ಅದೇ ಪ್ರಶ್ನೆಯನ್ನಿಟ್ಟುಕೊಂಡು ಜಪಾನಿನವರು 1983ರಲ್ಲಿ ತಮ್ಮ ಕಾಮಿಯೋಕ ಗಣಿಯಲ್ಲಿ ಪ್ರಯೋಗ ಹೂಡಿದರು. ಅಲ್ಲಿಯೂ ಅದಿರು ತೆಗೆಯುವುದು ಮುಂದೆ ನಿಂತಿತು, ಪ್ರಯೋಗ ನಿಲ್ಲಲಿಲ್ಲ. ಅಲ್ಲಿನ ಕೆಲಸಕ್ಕೆ 2002ರಲ್ಲಿ ಒಂದು, 2015ರಲ್ಲಿ ಮತ್ತೊಂದು ನೊಬೆಲ್ ಪಾರಿತೋಷಕದ ಗೌರವ ಸಂದಿತು. ಇಲ್ಲಿಯ ಗತಿ ಬೇರೆಯಾಯಿತು. 1956ರಲ್ಲಿ ಮೈಸೂರು ಸರ್ಕಾರದ ಒಡೆತನಕ್ಕೂ, 1962ರಲ್ಲಿ ಕೇಂದ್ರದ ಕೈಗೂ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೂ ಬಂದ ಗಣಿಗಳು, ಸುಮಾರು 800 ಟನ್ ಚಿನ್ನ ಕೊಟ್ಟ ಬಳಿಕ, 2001ರ ಫೆಬ್ರವರಿ 28ರಂದು ಮುಚ್ಚಿದವು. ವಿಜ್ಞಾನಿಗಳ ಪ್ರಯೋಗ ಅದಕ್ಕೂ ಮುನ್ನವೇ ಕೊನೆಗಂಡಿತ್ತು. ನೀರೆತ್ತುವ ಪಂಪುಗಳು ನಿಂತವು; ಒಂದು ಶತಮಾನದ ಸುರಂಗಗಳನ್ನು ನೀರು ತುಂಬಿತು.

ಉಳಿಸುವ ಕಲೆ

ಹಳೆಯ ಆಟಗಳು ಹೇಗೆ ಉಳಿದವು ಎಂಬುದನ್ನು ಇಲ್ಲಿ ಹೇಳಬೇಕು. ನಾಣ್ಯದ ಪೆಟ್ಟಿಗೆಯೊಳಗಿನ ಚಿಪ್ಪುಗಳಲ್ಲಿ ಆಟದ ಬರಹ ಅಡಗಿರುತ್ತದೆ. ಚಿಪ್ಪು ಹಾಳಾಗುವ ಮುನ್ನ ಆ ಬರಹವನ್ನು ಅಕ್ಷರ ತಪ್ಪದಂತೆ ಓದಿಟ್ಟುಕೊಳ್ಳುತ್ತಾರೆ. ಹೊಸ ಯಂತ್ರವು ಹಳೆಯ ಯಂತ್ರದ ನಡೆನುಡಿಯನ್ನು ಅಭಿನಯಿಸುತ್ತ ಆ ಬರಹವನ್ನು ಮತ್ತೆ ನಡೆಸುತ್ತದೆ. ಹಳೆಯ ತೆರೆಯ ಮೇಲಿನ ಗೆರೆಗಳು ಬೇಕೆಂದವರಿಗೆ ಅವನ್ನೂ ಮೂಡಿಸುವುದುಂಟು. 1990ರ ದಶಕದ ಕ್ಯಾಪ್‌ಕಾಮ್ ಸಂಸ್ಥೆಯ ಕೆಲವು ಆಟಗಳಲ್ಲಿ ಗೂಢಲಿಪಿಯ ಕೀಲಿಯನ್ನು ಒಂದು ಪುಟ್ಟ ಬ್ಯಾಟರಿ ಕಾಪಾಡುತ್ತಿತ್ತು. ಬ್ಯಾಟರಿ ಆರಿತೋ, ಕೀಲಿ ಅಳಿದು ಆಟವೇ ಸತ್ತಂತೆ. ಆಸಕ್ತರು ಹೊತ್ತು ಮೀರುವ ಮುನ್ನ ಅದನ್ನು ಭೇದಿಸಿದ್ದರಿಂದಲೇ ಆ ಆಟಗಳು ಇಂದು ಆಡಲು ಸಿಗುತ್ತವೆ.

ಚಾಂಪಿಯನ್ ರೀಫ್ಸ್‌ನಲ್ಲಿ ಪಂಪು ನಿಂತುದೂ ಬ್ಯಾಟರಿ ಆರಿದಂತೆಯೇ. ಮುಳುಗಿದ ಸುರಂಗಗಳನ್ನು ಮರಳಿ ತರುವುದು ಸುಲಭವಲ್ಲ. ಆದರೆ ಗಣಿಯೆಂದರೆ ಸುರಂಗ ಮಾತ್ರವಲ್ಲ. ಕಲ್ಲಿನ ಸದ್ದು ಕೇಳಿ ಅಪಾಯ ಗುರುತಿಸುತ್ತಿದ್ದ ಕಿವಿ, ಗಣಿಯ ಪಾಳಿಗೆ ತಕ್ಕಂತೆ ನಡೆದ ಅಡಿಗೆಮನೆ, ಮೂರು ಭಾಷೆ ಬೆರೆತ ಗಣಿಯ ನುಡಿ, ಲೈನು ಮನೆಗಳ ಗೋಡೆಯ ಮೇಲಿನ ಚಿತ್ರಪಟಗಳು ಎಲ್ಲವೂ ಗಣಿಯೇ. ಗಣಿ ಮುಚ್ಚಿದ ದಿನ ಇಪ್ಪತ್ತೈದರ ಹರೆಯದಲ್ಲಿದ್ದ ಕಾರ್ಮಿಕನೂ ಈಗ ಐವತ್ತರ ಸುತ್ತಿನಲ್ಲಿದ್ದಾನೆ. ಹಿರಿಯರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಅವರ ಮಕ್ಕಳು ನಸುಕಿನ ರೈಲಿಗೆ ಬೆಂಗಳೂರಿಗೆ ದುಡಿಯಲು ಹೋಗಿ, ಕತ್ತಲಾದ ಮೇಲೆ ಮನೆ ಸೇರುತ್ತಾರೆ.

ಮಕ್ಕಳ ಆಟವೊಂದನ್ನು ನಲವತ್ತು ವರ್ಷಗಳ ಬಳಿಕವೂ ಒಂದು ಅಂಕಿ ತಪ್ಪದಂತೆ ಕಾಪಾಡುವಷ್ಟು ಶ್ರದ್ಧೆ ಮನುಷ್ಯನಿಗುಂಟು. ಆ ಶ್ರದ್ಧೆಯ ಒಂದು ಪಾಲು ನಿಜವಾಗಿ ಪಾತಾಳಕ್ಕಿಳಿದು ಬಂದವರ ನೆನಪಿಗೂ ಸಲ್ಲಬೇಕಲ್ಲವೇ? ರಜೆಯಲ್ಲಿ ಎಲ್ಲಿಗೆ ಹೋಗುವುದೆಂದು ಯೋಚಿಸುವ ಕುಟುಂಬಗಳು ಒಂದು ದಿನವನ್ನು ಈ ಊರುಗಳ ಸರಕ್ಕೆ ಮೀಸಲಿಡಲಿ. ಗುಡ್ಡಗಳ ಮುಂದೆ ಚಿತ್ರ ತೆಗೆದುಕೊಂಡು ಹಿಂದಿರುಗದೆ, ಚಹಾದಂಗಡಿಯ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತು ಕೇಳಲಿ. ಕೇಳುವವರಿದ್ದರೆ ಹೇಳುವವರು ಅಲ್ಲಿ ಇನ್ನೂ ಇದ್ದಾರೆ.