ತಳ ಇಲ್ಲದ ಕೀಶ್

ಪಕ್ಕದ ಮನೆ ಅಜ್ಜಿಯನ್ನು ಒಂದು ದಿನ ಕರೀಬೇಕು ಅಂತ ನಾಲ್ಕು ತಿಂಗಳಿಂದ ಅಂದ್ಕೊಳ್ತಾನೇ ಇದ್ದೆ. ನಾವು ಅಮೆರಿಕಕ್ಕೆ ಬಂದ ಹೊಸತರಲ್ಲಿ ಬಾಗಿಲು ತಟ್ಟಿ ಕೀಶ್ ಕೊಟ್ಟವರು ಅವರೇ. ಮೊಟ್ಟೆ, ಹಾಲಿನ ಫ್ರೆಂಚ್ ತಿಂಡಿ. ಕೆಳಗೆ ಬೆಣ್ಣೆ ಹಾಕಿ ಕಲಸಿದ ಮೈದಾದ ಗರಿಗರಿ ತಳ. ಚಳಿಗಾಲದಲ್ಲಿ ಅವರ ಯಜಮಾನರು ತೀರಿಕೊಂಡರು. ಕರೆದರೆ ಕೀಶನ್ನೇ ಮಾಡಿ ಬಡಿಸಬೇಕು ಅಂತ ನನ್ನ ಹಠ. ಆ ತಳ ಮಾತ್ರ ಒಮ್ಮೆ ಕಲ್ಲು, ಒಮ್ಮೆ ಮುದ್ದೆ! ಸರಿಯಾಗಿ ಬರಲಿ, ಆಮೇಲೆ ಕರೆಯೋಣ ಅಂತ ಭಾನುವಾರಗಳು ಕಳೆದೇ ಹೋದವು.

ಹೋದ ವಾರ ನಮ್ಮವರು ಅಂದರು, "ಹಂಗಾದ್ರೆ ತಳ ಬಿಟ್ಬಿಡೇ."

ಹೌದಲ್ಲ..!

9 ಇಂಚಿನ ಗಾಜಿನ ತಟ್ಟೆಗೆ ಧಾರಾಳವಾಗಿ ಬೆಣ್ಣೆ ಸವರಿದೆ. ಹುರಿದ ಈರುಳ್ಳಿ, ಬಾಡಿಸಿ ಹಿಂಡಿದ ಪಾಲಕ್ (ಹಿಂಡದಿದ್ದರೆ ಎಲ್ಲಾ ನೀರು ನೀರು), 1 ಕಪ್ ತುರಿದ ಚೀಸ್ ಹರಡಿದೆ. 6 ಮೊಟ್ಟೆ, 1 ಕಪ್ ಹಾಲು, ಉಪ್ಪು, ಕಾಳುಮೆಣಸಿನ ಪುಡಿ ಕಲಕಿ ಮೇಲೆ ಸುರಿದೆ. ಮೊದಲೇ ಕಾಯಿಸಿದ ಓವನ್ನಿನಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 180 ಸೆಲ್ಸಿಯಸ್; 35-40 ನಿಮಿಷ. ನಡುವೆ ಒಂಚೂರು ಅಲುಗಬಹುದು, ಹರಿಯಬಾರದು. 10 ನಿಮಿಷ ಹಾಗೇ ಬಿಟ್ಟರೆ ತಾನೇ ಗಟ್ಟಿಯಾಗುತ್ತೆ.

ಅಜ್ಜಿ ಹನ್ನೊಂದಕ್ಕೆ ಬಂದರು. "ತಳ ಇಲ್ಲ" ಅಂತ ನಾನು ಮೊದಲೇ ಕ್ಷಮೆ ಕೇಳಿದೆ. ಅವರಿಗೆ ಕೇಳಿಸಿತೋ ಇಲ್ಲವೋ. ಎರಡನೇ ತುಂಡು ಹಾಕಿಸಿಕೊಳ್ಳುತ್ತಾ, "ಅವರು ಹೋದ ಮೇಲೆ ನಾನು ಓವನ್ನೇ ಹಚ್ಚಿಲ್ಲ, ಒಬ್ಬಳಿಗೆ ಏನು ಮಾಡೋದು" ಅಂದರು.

ನಾಲ್ಕು ತಿಂಗಳು! ನಮ್ಮಿಬ್ಬರ ಮನೆ ನಡುವೆ ಇರೋದು ಒಂದೇ ಬೇಲಿ.

ನೀವೂ ಯಾರನ್ನಾದರೂ ಕರೀಬೇಕು ಅಂತ ಮುಂದೂಡ್ತಿದ್ರೆ, ಈ ಭಾನುವಾರವೇ ಕರೆದುಬಿಡಿ. ತಳ ನಾನಿನ್ನೂ ಕಲಿತಿಲ್ಲ :)