ಬಚ್ಚಲ ನೀರು ಮತ್ತು ಕಾಯಕ

ನೀರು ಕಂಡೊಡನೆ ಮುಳುಗೆದ್ದು ಪುಣ್ಯ ಗಳಿಸಿದೆವೆಂದು ತಿಳಿಯುವವರನ್ನು ಬಸವಣ್ಣನವರು ವಚನವೊಂದರಲ್ಲಿ ಪ್ರಶ್ನಿಸಿದ್ದಾರೆ. ಆದರೆ ಅವರ ಅಂಕಿತವೇ ಕೃಷ್ಣಾ-ಮಲಪ್ರಭೆಯರು ಕೂಡುವ ಸಂಗಮಕ್ಷೇತ್ರದ ದೇವರ ಹೆಸರು. ಆದುದರಿಂದ ಅವರು ನಿರಾಕರಿಸಿದ್ದು ನೀರನ್ನಲ್ಲ, ನಡೆಯಿಲ್ಲದ ಭಕ್ತಿಯನ್ನು.

ಪೂರ್ವ ಬೆಂಗಳೂರಿನ ನೀರಿಗೆ ಇಂದು ಬೇಕಾಗಿರುವುದೂ ಆ ನಡೆಯೇ. ಹಲಸೂರು, ಇಂದಿರಾನಗರ, ದೊಮ್ಮಲೂರುಗಳ ನೀರು ರಾಜಕಾಲುವೆಗಳಲ್ಲಿ ಹರಿದು ಬೆಳ್ಳಂದೂರು ಕೆರೆ ಸೇರುತ್ತದೆ. ಅಲ್ಲಿಂದ ವರ್ತೂರು ಕೆರೆಗೆ, ಮುಂದೆ ದಕ್ಷಿಣ ಪಿನಾಕಿನಿ ನದಿಗೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಈ ನದಿ ತಮಿಳುನಾಡನ್ನು ದಾಟಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಮಳೆನೀರಿಗೆಂದು ಇದ್ದ ಕಾಲುವೆಗಳಲ್ಲಿ ಚರಂಡಿಯ ಕೊಳೆಯೂ ಹರಿಯತೊಡಗಿದಾಗ, ಬಟ್ಟೆ-ಪಾತ್ರೆ ತೊಳೆದ ಸಾಬೂನಿನ ಅಂಶವೂ ಅದರೊಡನೆ ಸೇರಿತು. ಬೆಳ್ಳಂದೂರು ಕೆರೆಯ ನೊರೆ ಉಕ್ಕಿ ರಸ್ತೆಗೆ ಬಂದಿತು. 2017ರ ಫೆಬ್ರವರಿಯಲ್ಲಿಯೂ 2018ರ ಜನವರಿಯಲ್ಲಿಯೂ ಕೆರೆಯಂಗಳ ಹೊತ್ತಿ ಉರಿಯಿತು. ಎರಡನೆಯ ಬಾರಿ ಸೈನಿಕರೂ ಬಂದು ನಂದಿಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ರಾಜ್ಯ ಸರ್ಕಾರಕ್ಕೆ 50 ಕೋಟಿ, ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು.

ದಂಡದಿಂದ ಎಚ್ಚರ ಮೂಡಬಹುದು. ನೀರು ತಿಳಿಯಾಗಲು ಕಾಯಕವೇ ಬೇಕು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಇದಕ್ಕೆ ಸಾಕ್ಷಿ. ಸುಮಾರು 48 ಎಕರೆಯ ಈ ಕೆರೆಯೂ ಕೊಳೆತು ಹಾಳಾಗಿತ್ತು. ಸುತ್ತಲಿನ ನಿವಾಸಿಗಳು ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಡನೆ ಕೈಜೋಡಿಸಿದರು. ಹೂಳು ತೆಗೆಯಲಾಯಿತು, ಕೊಳಚೆ ನೀರನ್ನು ಬೇರೆಡೆಗೆ ತಿರುಗಿಸಲಾಯಿತು. 2011ರ ವೇಳೆಗೆ ನೀರು ನಿಂತು ಹಕ್ಕಿಗಳು ಮರಳಿದವು. ಅಲ್ಲಿಗೇ ಕೈ ತೊಳೆದುಕೊಳ್ಳದೆ, ನಿವಾಸಿಗಳು ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿಯನ್ನು ಕಟ್ಟಿಕೊಂಡು ಕೆರೆಯ ಕಾವಲಿಗೆ ನಿಂತರು. ಕಸ ಹೆಕ್ಕುವುದು, ಕೊಳಚೆ ನುಗ್ಗದಂತೆ ನೋಡಿಕೊಳ್ಳುವುದು, ಅಧಿಕಾರಿಗಳ ಬಾಗಿಲು ತಟ್ಟುವುದು: ಇವು ಒಂದು ದಿನದ ಉತ್ಸವದಲ್ಲಿ ಮುಗಿಯುವ ಕೆಲಸಗಳಲ್ಲ. ನಿತ್ಯವೂ ಮಾಡಬೇಕಾದುದರಿಂದಲೇ ಅದು ಕಾಯಕ.

ಒಂದು ಕೆರೆ ತಿಳಿಯಾದ ಮಾತ್ರಕ್ಕೆ ಇಡೀ ನದಿ ತಿಳಿಯಾಗದು. ಆದರೆ ನದಿ ಕೆಡುವುದು ದೂರದಲ್ಲೆಲ್ಲೋ ಅಲ್ಲ, ನಮ್ಮ ನಮ್ಮ ಬಚ್ಚಲಲ್ಲಿ. ಹಲಸೂರಿನ ಮನೆಯೊಂದರಲ್ಲಿ ಬೆಳಗಿನ ಪೂಜೆಗೆ ಮಜ್ಜನದ ನೀರನ್ನು ಸೋಸಿ ತುಂಬಿಡುವ ಕೈಯೇ, ಪಾತ್ರೆ ತೊಳೆದ ನೀರನ್ನು ಹೊರಗೆ ಚೆಲ್ಲುತ್ತದೆ. ಮೊದಲನೆಯದರಲ್ಲಿ ಇರುವ ಎಚ್ಚರ ಎರಡನೆಯದರಲ್ಲಿಯೂ ಇದ್ದರೆ ಭಕ್ತಿ ಪೂರ್ಣವಾದೀತು. ಪಿನಾಕಿನಿಯ ಕೆಳದಂಡೆಯಲ್ಲಿ ಆ ನೀರನ್ನೇ ಹೊಲಕ್ಕೆ ಹಾಯಿಸುವ ರೈತನಿಗೆ ಮೇಲಿನವರು ಸಲ್ಲಿಸಬಹುದಾದ ದಾಸೋಹ ಅದೇ.