ಪೋರ್ಟಿಗೂ ಒಂದು ಕಾವಲು

ನಮ್ಮ ಕಡೆ ಸಾಫ್ಟ್‌ವೇರ್ ಕೆಲಸ ಎಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಯಾವ ಬೀದಿಗೆ ಹೋದರೂ ಬೆಂಗಳೂರಿನಲ್ಲಿ ಕಂಪ್ಯೂಟರ್ ಕುಟ್ಟುವ ಒಬ್ಬ ಮಗನೋ ಮಗಳೋ ಇದ್ದೇ ಇರುತ್ತಾರೆ. ‘ಅದರಲ್ಲಿ ನಿನ್ನದು ಯಾವ ಥರದ್ದು?’ ಎಂಬ ಮರುಪ್ರಶ್ನೆ ಬಂದಾಗ ಮಾತ್ರ ನನಗೆ ಪೀಕಲಾಟ. ಬ್ಯಾಂಕಿನದು, ಆಸ್ಪತ್ರೆಯದು ಎಂದರೆ ಜನಕ್ಕೆ ತಿಳಿಯುತ್ತದೆ. ನನ್ನದು, ಅತಿವೇಗವಾಗಿ ಪ್ಯಾಕೆಟ್ ಸಾಗಿಸುವ ತಂತ್ರಾಂಶಕ್ಕೆ ನೆಟ್‌ವರ್ಕ್ ಪೋರ್ಟುಗಳನ್ನು ಅಣಿ ಮಾಡಿಕೊಡುವ ಕೆಲಸ. ಪ್ಯಾಕೆಟ್ ಎಂದೊಡನೆ ಕೇಳುವವರ ಕಣ್ಣಮುಂದೆ ಹಾಲಿನ ಪ್ಯಾಕೆಟ್ ಬಂದು ನಿಲ್ಲುತ್ತದೆ!

ಈ ಪ್ಯಾಕೆಟ್ ಬೇರೆ. ನೀವು ಮೊಬೈಲಿನಲ್ಲಿ ಆಡುವ ಮಾತು, ನೋಡುವ ಚಿತ್ರ ಎಲ್ಲವೂ ಚೂರುಚೂರಾಗಿ, ಒಂದೊಂದು ಚೂರೂ ತನ್ನ ವಿಳಾಸ ಹೊತ್ತು ಸಾಗುತ್ತವೆ. ಆ ಚೂರೇ ಪ್ಯಾಕೆಟ್. ಅದು ಕಂಪ್ಯೂಟರಿನೊಳಕ್ಕೆ ಬರುವ ಬಾಗಿಲು ಪೋರ್ಟ್. ಸೆಕೆಂಡಿಗೆ 10 ಗಿಗಾಬಿಟ್ ವೇಗದ ಒಂದೇ ಪೋರ್ಟಿನಲ್ಲಿ, ಪ್ಯಾಕೆಟ್ಟುಗಳೆಲ್ಲ ಅತಿ ಚಿಕ್ಕವಾದರೆ, ಸೆಕೆಂಡಿಗೆ 1 ಕೋಟಿ 48 ಲಕ್ಷ ಪ್ಯಾಕೆಟ್ ಬರಬಹುದು. ಒಂದೊಂದಕ್ಕೆ ಸಿಗುವ ಕಾಲ ಸುಮಾರು 67 ನ್ಯಾನೊಸೆಕೆಂಡು. 3 ಗಿಗಾಹರ್ಟ್ಸ್ ಪ್ರೊಸೆಸರಿನ ಲೆಕ್ಕದಲ್ಲಿ ಅದು ಇನ್ನೂರು ಮಿಡಿತ ಮಾತ್ರ.

ಮಾಮೂಲಿ ಪದ್ಧತಿಯಲ್ಲಿ ಪ್ಯಾಕೆಟ್ ಬಂದಾಗ ಪೋರ್ಟು ‘ಇಂಟರಪ್ಟ್’ ಎಂಬ ಕರೆಗಂಟೆ ಒತ್ತುತ್ತದೆ. ಲಿನಕ್ಸಿನ ಹೃದಯವಾದ ಕರ್ನಲ್ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದುಬಂದು, ಪರಿಶೀಲಿಸಿ, ನಕಲು ತೆಗೆದು, ಬೇಕಾದವರಿಗೆ ತಲುಪಿಸುತ್ತದೆ. ಥೇಟ್ ತಾಲ್ಲೂಕು ಕಚೇರಿ. ಗಂಟೆಗಳನ್ನು ಕಡಿಮೆ ಮಾಡುವ ಉಪಾಯ ಅದಕ್ಕೂ ಗೊತ್ತು. ಆದರೂ ಇನ್ನೂರು ಮಿಡಿತದೊಳಗೆ ಮುಗಿಯುವ ಮಾತಲ್ಲ. ಇದಕ್ಕೆ ಪರಿಹಾರವಾಗಿ 2010ರ ಸುಮಾರಿಗೆ ಇಂಟೆಲ್ ಸಂಸ್ಥೆಯಲ್ಲಿ ಡಿಪಿಡಿಕೆ ಎಂಬ ತಂತ್ರಾಂಶ ಹುಟ್ಟಿತು. 2017ರಲ್ಲಿ ಅದು ಲಿನಕ್ಸ್ ಫೌಂಡೇಶನ್ನಿನ ಆಶ್ರಯಕ್ಕೆ ಬಂತು. ಅದರ ಉಪಾಯ ಸರಳ: ಪೋರ್ಟನ್ನು ಕರ್ನಲ್ಲಿನ ಕೈಯಿಂದ ಬಿಡಿಸಿ ತಾನೇ ನೋಡಿಕೊಳ್ಳುವುದು.

ಇದನ್ನು ನಾನು ಅಜ್ಜಂಪುರದ ನನ್ನ ಸೋದರಮಾವನಿಗೆ ವಿವರಿಸಬೇಕಾಗಿ ಬಂತು. ಮಾವ ದನ ಕಟ್ಟಿ ಬಾಳಿದವರು. ಅವರಿಗೆ ಅರ್ಥವಾಗಲೆಂದು ಅಮೃತ ಮಹಲ್ ದನಗಳ ಕಥೆ ಎತ್ತಿಕೊಂಡೆ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪು ಇಟ್ಟ ಹೆಸರು ಅಮೃತ ಮಹಲ್. ಈ ಎತ್ತುಗಳ ಬಲದಿಂದ ಹೈದರಾಲಿಯ ದಂಡು ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ಸೇರಿತೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಎತ್ತಿನ ಕಾಲಿನ ಕಸುವಷ್ಟೇ ಅಲ್ಲ. ಅವುಗಳಿಗೆಂದೇ ಮೀಸಲಿಟ್ಟ ಹುಲ್ಲುಗಾವಲು, ನಮ್ಮ ‘ಕಾವಲು’, ಅದರ ಹಿಂದಿತ್ತು.

ನಾನು ಮಾಡುವುದೂ ಅದೇ. ಮೊದಲು ಕಾವಲು ಬಿಡಿಸಬೇಕು. ಕಂಪ್ಯೂಟರ್ ತನ್ನ ಸ್ಮೃತಿಯನ್ನು ಸಾಮಾನ್ಯವಾಗಿ 4 ಕಿಲೋಬೈಟಿನ ತುಂಡುಗಳಾಗಿ ಹಂಚುತ್ತದೆ. ಡಿಪಿಡಿಕೆಗೆ 2 ಮೆಗಾಬೈಟ್ ಅಥವಾ 1 ಗಿಗಾಬೈಟಿನ ದೊಡ್ಡ ಹಾಳೆಗಳನ್ನು ಮೊದಲೇ ಎತ್ತಿಡಬೇಕು. ಆಮೇಲೆ ಬೇಲಿ: ಪೋರ್ಟು ನೇರವಾಗಿ ಸ್ಮೃತಿಗೆ ಬರೆಯುವುದರಿಂದ, ಪಕ್ಕದ ರಾಗಿ ಹೊಲಕ್ಕೆ ನುಗ್ಗದಂತೆ ಐಓಎಂಎಂಯು ಎಂಬ ಯಂತ್ರಭಾಗವನ್ನು ಎಚ್ಚರಿಸಿಡಬೇಕು. ನಂತರ ಪೋರ್ಟನ್ನು ಹಳೆಯ ಡ್ರೈವರಿನಿಂದ ಬಿಡಿಸಿ ‘ವಿಎಫ್‌ಐಓ’ ಎಂಬ ಡ್ರೈವರಿಗೆ ಒಪ್ಪಿಸಬೇಕು. ಇಲ್ಲೊಂದು ಎಚ್ಚರ. ದೂರದಿಂದ ಯಾವ ಪೋರ್ಟಿನ ಮೂಲಕ ಸರ್ವರಿನೊಳಗೆ ಬಂದಿರುತ್ತೀರೋ ಅದನ್ನೇ ಒಪ್ಪಿಸಿದರೆ, ಕೂತ ಕೊಂಬೆಯನ್ನೇ ಕಡಿದಂತೆ!

ಮುಂದಿನದು ಬೀರೂರು ಜಂಕ್ಷನ್ ನೋಡಿದವರಿಗೆ ಸುಲಭ. ಕಡೂರು ದಾಟಿ ಬಂದ ರೈಲುದಾರಿ ಅಲ್ಲಿ ಕವಲೊಡೆಯುತ್ತದೆ. ಒಂದು ತರೀಕೆರೆ, ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರ, ದಾವಣಗೆರೆಯ ಕಡೆಗೆ. ಪೋರ್ಟಿನಲ್ಲೂ ಹೀಗೆ ಹಲವು ಸರತಿಸಾಲು ಮಾಡಿ, ಒಂದೊಂದಕ್ಕೆ ಪ್ರೊಸೆಸರಿನ ಒಂದೊಂದು ಕೋರನ್ನು ನೇಮಿಸುತ್ತೇವೆ. ಒಂದೇ ಸಂಭಾಷಣೆಯ ಪ್ಯಾಕೆಟ್ಟುಗಳು ಒಂದೇ ಸಾಲಿನಲ್ಲಿ ಹೋಗಬೇಕು, ಇಲ್ಲದಿದ್ದರೆ ಅವುಗಳ ಕ್ರಮ ತಪ್ಪುತ್ತದೆ. ಎರಡು ಪ್ರೊಸೆಸರಿನ ಸರ್ವರಿನಲ್ಲಿ ಪೋರ್ಟು ಯಾವುದರ ಪಕ್ಕಕ್ಕಿದೆಯೋ ಅದರ ಕೋರುಗಳನ್ನೇ ಆರಿಸಬೇಕು. ಇಲ್ಲವಾದರೆ ಪ್ರತಿ ಪ್ಯಾಕೆಟ್ಟೂ ಪ್ಲಾಟ್‌ಫಾರಂ ಬದಲಿಸಲು ಮೇಲ್ಸೇತುವೆ ಹತ್ತಿ ಇಳಿಯಬೇಕು.

ಇಷ್ಟೂ ಕೇಳಿದ ಮಾವ, “ಬಾಗ್ಲಲ್ಲಿ ಗಂಟೆ ಇಲ್ಲ ಅಂದ್ಯಲ್ಲ ಅಳಿಯಾ, ಮತ್ತೆ ಪ್ಯಾಕೆಟ್ ಬಂದಿದ್ದು ಹೆಂಗ್ ಗೊತ್ತಾಗ್ತದೆ?” ಎಂದರು.

“ಆ ಕೋರು ರೆಪ್ಪೆ ಮುಚ್ಚದೆ ಬಾಗಿಲು ನೋಡ್ತಾನೇ ಇರುತ್ತೆ ಮಾವ.”

“ಏನೂ ಬರದೇ ಇದ್ದಾಗ್ಲೂ?”

“ಆಗ್ಲೂ.”

“ಹಂಗಾರೆ ಕರೆಂಟು?”

ನನಗೆ ಉತ್ತರ ಗೊತ್ತಿತ್ತು, ಹೇಳಲು ಹಿತವಾಗಿರಲಿಲ್ಲ. ಕೆಲಸವಿರಲಿ ಬಿಡಲಿ, ಆ ಕೋರು ನೂರಕ್ಕೆ ನೂರು ದುಡಿಯುತ್ತದೆ. ಮೀಸಲಿಟ್ಟ ಸ್ಮೃತಿ ಖಾಲಿ ಬಿದ್ದಿದ್ದರೂ ಬೇರೆಯವರು ಮುಟ್ಟುವಂತಿಲ್ಲ. ವಿಎಫ್‌ಐಓಗೆ ಒಪ್ಪಿಸಿದ ಪೋರ್ಟು ಕರ್ನಲ್ಲಿನ ಕಣ್ಣಿಗೇ ಬೀಳುವುದಿಲ್ಲ; ಅದರ ಫೈರ್‌ವಾಲ್ ರಕ್ಷಣೆಯೂ ಆ ಬಾಗಿಲಿಗೆ ಇಲ್ಲ. ಕೋರುಗಳಿಗೆ ಬಿಡುವಿದ್ದಾಗ ತೂಕಡಿಸಲು ಕಲಿಸುವ ಸೌಲಭ್ಯ ಡಿಪಿಡಿಕೆಯಲ್ಲೇ ಇದೆ. ಪೋರ್ಟನ್ನು ಕರ್ನಲ್ಲಿನ ಬಳಿಯೇ ಉಳಿಸಿ ಅಡ್ಡದಾರಿ ತೋರಿಸುವ ಎಎಫ್-ಎಕ್ಸ್‌ಡಿಪಿ 2018ರಿಂದ ಲಿನಕ್ಸಿನಲ್ಲಿದೆ. ಆದರೆ ಗಡುವಿನ ಗಡಿಬಿಡಿಯಲ್ಲಿ ‘ಇರಲಿ, ಇನ್ನೆರಡು ಕೋರು ಕೊಡಿ’ ಎನ್ನುವುದು ನಮ್ಮ ಕಸುಬಿನವರ ರೂಢಿ. ಕಡಿಮೆ ಕೊಟ್ಟರೆ ಯಾರದೋ ತುರ್ತು ಕರೆ ನಡುವೆ ಕತ್ತರಿಸೀತು. ಹೆಚ್ಚು ಕೊಟ್ಟರೆ ರಾತ್ರಿಯಿಡೀ ಖಾಲಿ ಬಾಗಿಲು ಕಾಯಲು ವಿದ್ಯುತ್ ಸುಡುತ್ತದೆ.

ಮಾವ ಎಲೆ ಅಡಿಕೆ ಮಡಿಸುತ್ತ ಹೇಳಿದರು: “ಕಾವಲು ಬೇಕು ಕಣಪ್ಪ, ಬ್ಯಾಡ ಅನ್ನಲ್ಲ. ಎಲ್ಲಾನೂ ಕಾವಲಿಗೇ ಬಿಟ್ರೆ ಊರ ದನ ಎಲ್ಲಿ ಮೇಯ್ಬೇಕು?”

ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ಕಾವಲುಗಳು ಕಾಲಕಾಲಕ್ಕೆ ಬೇರೆ ಬೇರೆ ಉದ್ದೇಶಗಳಿಗೆ ಹಂಚಿಹೋಗಿ ಕುಗ್ಗಿವೆ. ಮೀಸಲು ಎಷ್ಟಿರಬೇಕೆಂಬ ಲೆಕ್ಕ ಅಲ್ಲೂ ಬಗೆಹರಿದಿಲ್ಲ. ನಾನಂತೂ ಈಗ ಹೊಸ ಸರ್ವರಿನ ಮುಂದೆ ಕೂತಾಗ ಮೊದಲು ಒಂದು ಹಾಳೆ ತೆಗೆದುಕೊಳ್ಳುತ್ತೇನೆ. ಸಂಜೆ ಏಳಕ್ಕೆ ಎಷ್ಟು ಪ್ಯಾಕೆಟ್, ರಾತ್ರಿ ಎರಡಕ್ಕೆ ಎಷ್ಟು, ಉಳಿದ ಕೆಲಸಗಳಿಗೆ ಎಷ್ಟು ಕೋರು ಬೇಕು, ಅಳೆದು ಬರೆದುಕೊಳ್ಳುತ್ತೇನೆ. ಬೇಲಿ ಹಾಕುವುದು ಅದಾದ ಮೇಲೆ.